ಎಳೆ ಕೊನೆಗೊಳ್ಳುವುದೇ, ರದ್ದಾಗುವುದೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಸಿ ಭಾಷೆಯ ಬಹು ಎಳೆಗಳ ಪ್ರೋಗ್ರಾಂ ಕುರಿತು ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಥ್ರೆಡ್‌ಗೆ ‘ಎಳೆ’ ಎಂದಿಟ್ಟುಕೊಂಡಿದ್ದೇನೆ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಕೆಲಸಗಳಲ್ಲಿ ಒಂದೊಂದೂ ಒಂದು ಎಳೆ), ಅದರ ಬಗ್ಗೆ ತಕರಾರಿಲ್ಲ. ತೊಡಕಿರುವುದು ಎಳೆ ಮುಗಿಯುವ ಬಗೆಗಳನ್ನು ಹೆಸರಿಸುವಲ್ಲಿ.

ತನ್ನ ಫಂಕ್ಷನ್‌ನಿಂದ ಹಿಂದಿರುಗಿದಾಗ ಅಥವಾ ಎಳೆಗಳಿಗೆಂದೇ ಇರುವ ‘ಪಿಥ್ರೆಡ್ ಎಕ್ಸಿಟ್’ ಫಂಕ್ಷನ್ನನ್ನು ಕರೆದಾಗ ಎಳೆ ತಾನೇ ಕೊನೆಗೊಳ್ಳುತ್ತದೆ. ಬರಿಯ ‘ಎಕ್ಸಿಟ್’ ಆದರೋ ಎಲ್ಲ ಎಳೆಗಳ ಸಮೇತ ಇಡೀ ಪ್ರೊಸೆಸನ್ನೇ (ಓಡುತ್ತಿರುವ ಪ್ರೋಗ್ರಾಂ ಅನ್ನೇ) ಕೊನೆಗೊಳಿಸುತ್ತದೆ. ‘ಮೇನ್’ನಿಂದ ಹಿಂದಿರುಗಿದರೂ ಅಷ್ಟೇ. ಈ ವ್ಯತ್ಯಾಸವನ್ನು ನಮ್ಮ ‘ಗೊಳ್ಳು’, ‘ಗೊಳಿಸು’ ಜೋಡಿ ಸಲೀಸಾಗಿ ಹೇಳುತ್ತದೆ. ಇದನ್ನು ಬಿಟ್ಟು ಎಲ್ಲ ಕಡೆ ‘ಅಂತ್ಯ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಬಗೆಹರಿಯದಿರುವುದು ಒಂದು ಎಳೆ ಇನ್ನೊಂದನ್ನು ಮುಗಿಸಲು ಬಳಸುವ ‘ಪಿಥ್ರೆಡ್ ಕ್ಯಾನ್ಸಲ್’. ಎಲ್ಲರ ಬಾಯಿಗೂ ಮೊದಲು ಬರುವುದು ‘ರದ್ದು’. ಆದರೆ ರದ್ದಾದ ರೈಲು ಹೊರಡುವುದೇ ಇಲ್ಲ. ಈ ಎಳೆ ಆಗಲೇ ಅರ್ಧ ದಾರಿ ಸವೆಸಿರುತ್ತದೆ. ಮೇಲಾಗಿ ಈ ಕರೆ ಎಳೆಯನ್ನು ಅಲ್ಲೇ ತಡೆದು ನಿಲ್ಲಿಸುವುದಿಲ್ಲ, ಕೋರಿಕೆಯನ್ನಷ್ಟೇ ಕಳಿಸುತ್ತದೆ. 1995ರ ಪಾಸಿಕ್ಸ್ ಥ್ರೆಡ್ ಮಾನಕದಂತೆ (ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಈ ಕರೆಗಳು ಹೇಗಿರಬೇಕೆಂಬ ನಿಯಮಾವಳಿ), ಬೇರೆ ಏರ್ಪಾಡು ಮಾಡದಿದ್ದರೆ, ಎಳೆಯು ‘ರೀಡ್’, ‘ಸ್ಲೀಪ್’ನಂತಹ ಗೊತ್ತುಪಡಿಸಿದ ಕರೆಗೆ ಬಂದಾಗಲೇ ಕೋರಿಕೆ ಜಾರಿಯಾಗುವುದು. ಮ್ಯೂಟೆಕ್ಸ್ ಬೀಗ (ಒಂದು ಸಲಕ್ಕೆ ಒಂದೇ ಎಳೆ ಹಿಡಿಯಬಹುದಾದದ್ದು) ಹಿಡಿದುಕೊಂಡು ‘ರೀಡ್’ನಲ್ಲಿ ಕಾಯುತ್ತಿರುವ ಎಳೆಗೆ ಈ ಕೋರಿಕೆ ಬಂತೆನ್ನಿ. ಬೀಗ ಬಿಡಿಸುವ ಫಂಕ್ಷನ್ನನ್ನು ‘ಪಿಥ್ರೆಡ್ ಕ್ಲೀನಪ್ ಪುಶ್’ ಮೂಲಕ ಮೊದಲೇ ಒಪ್ಪಿಸಿರದಿದ್ದರೆ ಎಳೆ ಹೋಗುತ್ತದೆ, ಬೀಗ ಉಳಿಯುತ್ತದೆ. ಅದೇ ಬೀಗಕ್ಕಾಗಿ ನಿಂತ ಉಳಿದ ಎಳೆಗಳು ನಿಂತೇ ಇರುತ್ತವೆ. ‘ರದ್ದು’ ಎಂದು ಓದಿದ ವಿದ್ಯಾರ್ಥಿಗೆ ಇದು ಹೊಳೆಯುವುದಾದರೂ ಹೇಗೆ? ಸದ್ಯಕ್ಕೆ ‘ನಿಲುಗಡೆ ಕೋರು’ ಎಂದು ಬರೆದಿದ್ದೇನೆ. ಆದರೆ ನಿಲುಗಡೆಯಲ್ಲಿ ಮತ್ತೆ ಹೊರಡುವ ಅರ್ಥವೂ ಇದೆ, ಈ ಎಳೆಯೋ ಮತ್ತೆ ಹೊರಡದು. ‘ಮುಕ್ತಾಯ ಕೋರು’ ಆದೀತೇ?

‘ಪಿಥ್ರೆಡ್ ಕಿಲ್’ ಅನ್ನು ಮಾತ್ರ ‘ಕೊಲ್ಲು’ ಎನ್ನಬಾರದು. ಅದು ಎಳೆಗೆ ಸಿಗ್ನಲ್, ಅಂದರೆ ಒಂದು ಸೂಚನೆ, ಕಳಿಸುವ ಕರೆ. ಆ ಸಿಗ್ನಲ್ ಕೊಲ್ಲುವಂಥದ್ದಾದರೆ ಸಾಯುವುದು ಇಡೀ ಪ್ರೊಸೆಸ್.

ಇನ್ನು ‘ಪಿಥ್ರೆಡ್ ಜಾಯಿನ್’. ‘ಜೋಡಿಸು’ ಎಂದರೆ ಎರಡು ಎಳೆಗಳನ್ನು ಹೊಸೆದಂತೆ ಕೇಳಿಸುತ್ತದೆ. ಇಲ್ಲಿ ನಡೆಯುವುದು ಬೇರೆ: ಒಂದು ಎಳೆ ಇನ್ನೊಂದು ಮುಗಿಯುವವರೆಗೆ ಕಾದು, ಅದು ತಂದ ಫಲವನ್ನು ಪಡೆದುಕೊಳ್ಳುತ್ತದೆ. ಕಾಯುವುದೂ ಪಡೆಯುವುದೂ ಸೇರಿದ ‘ಎದುರುಗೊಳ್ಳು’ ನನಗೆ ಇಷ್ಟವಾಗಿದೆ. ಆದರೆ ಈಗಿನ ಓದುಗರಿಗೆ ಅದು ‘ಎದುರಿಸು’ ಎಂದು ಕೇಳಿಸೀತೇ? ನಿಮ್ಮ ಊರಿನ ಕಡೆ ಅದಿನ್ನೂ ಸ್ವಾಗತಿಸುವ ಅರ್ಥದಲ್ಲಿ ಬಳಕೆಯಲ್ಲಿದೆಯೇ, ದಯವಿಟ್ಟು ತಿಳಿಸಿ.