ಸಹಾಯ ಬೇಕು: ಕಪ್ಪು-ಬಿಳುಪು ಅಮೂರ್ತ ಚಿತ್ರದಲ್ಲಿ ಮಂಜು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕುದುರೆಮುಖದ ಶೋಲಾ ಕಾಡಿನ (ಬೆಟ್ಟದ ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಕಾಡು) ಮೇಲೆ ಮಳೆಗಾಲದಲ್ಲಿ ಮಂಜು ಇಳಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್‌ನಲ್ಲಿ ಒಂದು ಅಮೂರ್ತ ಚಿತ್ರ ಮಾಡುತ್ತಿದ್ದೇನೆ. ಬೆಟ್ಟ, ಮರ ಯಾವುದೂ ಗುರುತು ಸಿಗಬಾರದು. ದಟ್ಟ ಕಪ್ಪು, ಅದನ್ನು ನುಂಗುತ್ತಾ ಬರುವ ಬಿಳುಪು, ಅಷ್ಟೇ. 'ಸ್ವಲ್ಪ ಹಸಿರು ಹಾಕಿ' ಎಂಬ ಸಲಹೆ ಮನೆಯಲ್ಲೇ ಸಾಕಷ್ಟು ಸಿಕ್ಕಿದೆ, ದಯವಿಟ್ಟು ಅದು ಬೇಡ.

ಕಪ್ಪು ಭಾಗ ಚೆನ್ನಾಗಿ ಬಂದಿದೆ. ತೊಂದರೆ ಇರುವುದು ಎರಡೂ ಕೂಡುವ ಅಂಚಿನಲ್ಲಿ. ಒಣಗಿದ ಕಪ್ಪಿನ ಮೇಲೆ ಟೈಟಾನಿಯಂ ಬಿಳಿಗೆ ನೀರು ಬೆರೆಸಿ ತೆಳುವಾಗಿ ಎಳೆದರೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ, ಜೊತೆಗೊಂದು ನೀಲಿ ಛಾಯೆ ಬೇರೆ. ಜಿಂಕ್ ಬಿಳಿ ಹೆಚ್ಚು ಪಾರದರ್ಶಕ ಎಂದು ಅದನ್ನು ಮೀಡಿಯಂನಲ್ಲಿ (ಬಣ್ಣಕ್ಕೆ ಬೆರೆಸುವ, ಒಣಗಿದರೆ ಪಾರದರ್ಶಕವಾಗುವ ಅಕ್ರಿಲಿಕ್ ದ್ರವ) ಕಲಸಿ ಹಚ್ಚಿದೆ. ಹಸಿಯಿದ್ದಾಗ ಸೊಗಸಾಗಿದ್ದದ್ದು ಒಣಗಿದ ಮೇಲೆ ಬಹುಪಾಲು ಮಾಯ. ಕಾರ್ಬನ್ ಕಪ್ಪಿನ ಬದಲು ಮಾರ್ಸ್ ಕಪ್ಪು (ಕಬ್ಬಿಣದ ಆಕ್ಸೈಡಿನ ಕಪ್ಪು) ಬಳಸಿದಾಗ ಬೂದುಬಣ್ಣಗಳಲ್ಲಿ ನೀಲಿ ತಗ್ಗಿತು, ಸುಣ್ಣದ ಗುಣ ಹೋಗಲಿಲ್ಲ. ಹಸಿಯಲ್ಲೇ ಬೆರೆಸೋಣವೆಂದರೆ ಬಣ್ಣ ಬೇಗ ಒಣಗಿ ಕುಂಚದ ಗೆರೆಗಳು ಉಳಿಯುತ್ತವೆ. ತೈಲವರ್ಣಕ್ಕೆ ಹೋಗುವಷ್ಟು ಜಾಗವೂ ಗಾಳಿಯೂ ನನ್ನ ಕೋಣೆಯಲ್ಲಿಲ್ಲ.

ಈಗ ಗೊಂದಲ ಇಷ್ಟು: ಆ ಅಂಚನ್ನು ಪೂರ್ತಿ ಬಿಳಿ ಮಾಡಿಕೊಂಡು, ಅದರ ಮೇಲೆ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ತೆಳು ಪಾರದರ್ಶಕ ಪದರವಾಗಿಸುವಂಥದ್ದು) ಬೆರೆಸಿದ ಕಪ್ಪನ್ನು ಪದರ ಪದರವಾಗಿ ತರಬೇಕೇ? ಅಥವಾ ಒಣಗುವುದನ್ನು ತಡಮಾಡುವ ರಿಟಾರ್ಡರ್ ಹಾಕಿ ಹಸಿಯಲ್ಲೇ ಬೆರೆಸಬೇಕೇ? ದೊಡ್ಡ ಕ್ಯಾನ್ವಾಸಿನಲ್ಲಿ ಇದನ್ನು ಮಾಡಿದವರು, ನಿಮಗೆ ಯಾವುದು ಫಲಿಸಿತು, ಎಷ್ಟು ಪ್ರಮಾಣದಲ್ಲಿ ಬೆರೆಸಿದಿರಿ ಎಂದು ತಿಳಿಸುವಿರಾ?