ಎಲ್ಲವನ್ನೂ ಸಂಶಯಿಸುವವನು ಬೋರ್‌ವೆಲ್ ಕೊರೆಸಬಹುದೇ?

ಶ್ರೀನಿವಾಸಪುರದ ತೋಟಗಾರ:
ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ‘ಮೆಡಿಟೇಷನ್ಸ್’ ಕೃತಿಯಲ್ಲಿ ಒಂದು ಪ್ರಶ್ನೆ ಎತ್ತುತ್ತಾನೆ. ಬೆಂಕಿಯ ಪಕ್ಕದಲ್ಲಿ ಕುಳಿತಿದ್ದೇನೆ ಎಂದು ಈಗ ತೋರುತ್ತಿದೆ; ಹಾಸಿಗೆಯಲ್ಲಿ ಮಲಗಿ ಕನಸು ಕಾಣುವಾಗಲೂ ಹೀಗೆಯೇ ತೋರಿದ್ದುಂಟು; ಹಾಗಿದ್ದರೆ ಎಚ್ಚರವನ್ನು ಕನಸಿನಿಂದ ಬೇರ್ಪಡಿಸುವ ಗುರುತು ಯಾವುದು? ಅಲ್ಲಿಗೂ ನಿಲ್ಲದೆ, ಮಹಾಬಲಶಾಲಿಯಾದ ವಂಚಕನೊಬ್ಬ ಆಕಾಶ, ಭೂಮಿ, ಬಣ್ಣ, ಸದ್ದು ಎಲ್ಲವನ್ನೂ ನನ್ನ ಮುಂದೆ ಹುಸಿಯಾಗಿ ಒಡ್ಡುತ್ತಿದ್ದರೆ ಏನು ಗತಿ ಎಂದೂ ಕೇಳುತ್ತಾನೆ. ಈ ಸಂಶಯ ನನಗೆ ಜಾಣತನದ್ದಾಗಿ ಕಾಣುತ್ತದೆಯೇ ಹೊರತು ಪ್ರಾಮಾಣಿಕವಾಗಿ ಕಾಣುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ಕೊರೆಸುವ ಮುನ್ನ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು, ಕಾಯಿ ಎದ್ದು ನಿಂತ ಜಾಗವನ್ನು ಪಾಯಿಂಟ್ ಎಂದು ತೋರಿಸುವವರಿದ್ದಾರೆ. ಅವರ ಮಾತನ್ನು ಸಂಶಯಿಸುವುದಕ್ಕೆ ಅರ್ಥವಿದೆ, ಏಕೆಂದರೆ ಪಾಯಿಂಟ್ ತಪ್ಪಿದರೆ ಸಾಲ ಮಾಡಿ ತಂದ ಹಣ ಮಣ್ಣುಪಾಲಾಗುತ್ತದೆ. ಹೊಲವೇ ಇದೆಯೋ ಇಲ್ಲವೋ ಎಂದು ಸಂಶಯಿಸಿದರೆ ಯಾರಿಗೇನು ನಷ್ಟ? ಈ ಎರಡೂ ಒಂದೇ ಜಾತಿಯ ಸಂಶಯಗಳೇ?

ಮುಳಬಾಗಿಲಿನ ಹಳೆಯ ಮೇಷ್ಟ್ರು:
ತೋಟದವರು ಕೇಳಿದ್ದನ್ನು ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಬಹಳ ಹಿಂದೆಯೇ ಜಗ್ಗಾಡಿದ್ದಾರೆ. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂದು ಊಹಿಸುತ್ತೇವೆ; ಕಂಡ ಅಡುಗೆಮನೆಗಳಲ್ಲಿ ಹಾಗಿತ್ತು ನಿಜ, ಕಾಣದ ಬೆಟ್ಟದಲ್ಲಿಯೂ ಹಾಗೆಯೇ ಇರುತ್ತದೆ ಎನ್ನಲು ಏನು ಆಧಾರ ಎಂದು, ಕಣ್ಣಿಗೆ ಕಂಡದ್ದನ್ನು ಮಾತ್ರ ಒಪ್ಪುವ ಚಾರ್ವಾಕರು ಕೇಳಿದರು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲಿ ಎತ್ತಿದ್ದೂ ಹೆಚ್ಚುಕಡಿಮೆ ಇದೇ ತೊಡಕನ್ನು. ಇದಕ್ಕೆ ನೈಯಾಯಿಕ ಉದಯನನು ‘ನ್ಯಾಯಕುಸುಮಾಂಜಲಿ’ಯಲ್ಲಿ ಕೊಟ್ಟ ಉತ್ತರವೆಂದರೆ, ಸಂಶಯವು ಸಂಶಯಿಸುವವನ ನಡೆಗೇ ವಿರುದ್ಧವಾಗುವ ಜಾಗದಲ್ಲಿ ಅದರ ಗಡಿ ಮುಗಿಯುತ್ತದೆ ಎಂಬುದು. ಹನ್ನೆರಡನೆಯ ಶತಮಾನದ ಶ್ರೀಹರ್ಷ ಸುಮ್ಮನಿರಲಿಲ್ಲ. ತನ್ನ ‘ಖಂಡನಖಂಡಖಾದ್ಯ’ದಲ್ಲಿ ಉದಯನನ ಶ್ಲೋಕದ ಮಾತುಗಳನ್ನೇ ಸ್ವಲ್ಪ ತಿರುಚಿ ಅವನಿಗೇ ಹಿಂದಿರುಗಿಸಿದ: ವಿರೋಧವೆಂಬುದು ಸಂಶಯಕ್ಕೂ ನಡೆಗೂ ನಡುವೆ ಇರುವಂಥದ್ದು, ಆದ್ದರಿಂದ ವಿರೋಧವಿದೆ ಎಂದರೆ ಸಂಶಯವೂ ಅಲ್ಲಿಯೇ ಇದೆ ಎಂದಾಯಿತು, ಇರುವ ಸಂಶಯಕ್ಕೆ ಅದು ಗಡಿಯಾಗುವುದು ಹೇಗೆ? ಇಷ್ಟು ಚುರುಕಾದ ತರ್ಕವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಆದರೂ ಕೊನೆಗೆ, ಆಮೇಲೆ ಬಂದ ನೈಯಾಯಿಕ ಗಂಗೇಶನ ಮಾತೇ ನನಗೆ ಒಪ್ಪಿಗೆಯಾಗುತ್ತದೆ. ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುವವನು, ಹಸಿವಾದಾಗ ಅನ್ನಕ್ಕೇ ಕೈಹಾಕುವವನು, ಇನ್ನೊಬ್ಬರಿಗೆ ತಿಳಿಸಬೇಕಾದಾಗ ಮಾತನ್ನೇ ಆಡುವವನು, ಅದೇ ಹೊತ್ತಿನಲ್ಲಿ ಈ ಕಾರ್ಯಕಾರಣಗಳನ್ನು ಸಂಶಯಿಸುತ್ತಿದ್ದಾನೆ ಎನ್ನಲಾಗದು. ಬಾಯಿ ಸಂಶಯವನ್ನು ಉಚ್ಚರಿಸಬಹುದು. ಆ ಮನುಷ್ಯನಲ್ಲಿ ಸಂಶಯ ಹುಟ್ಟಿಯೇ ಇರುವುದಿಲ್ಲ.

ಗೌರಿಬಿದನೂರಿನ ಸಂಶಯಿ:
ಮೇಷ್ಟ್ರೇ, ಗಂಗೇಶನ ಉತ್ತರದಿಂದ ತಿಳಿಯುವುದು ನಾನು ನಂಬುತ್ತೇನೆ ಎಂಬುದು ಮಾತ್ರ. ನನ್ನ ನಂಬಿಕೆ ನಿಜ ಎಂಬುದಾಗಲಿ, ಅದು ನಿಜವೆಂದು ನನಗೆ ಗೊತ್ತು ಎಂಬುದಾಗಲಿ ಅದರಿಂದ ಹೊರಡುವುದಿಲ್ಲ. ತನ್ನ ಸಂಶಯಗಳು ಊಟ ಮಾಡಿ, ಗೆಳೆಯರೊಂದಿಗೆ ಪಗಡೆಯಂಥ ಆಟವಾಡಿದ ಕೂಡಲೇ ಕರಗಿಹೋಗುತ್ತವೆ ಎಂದು ಹ್ಯೂಮನೇ ಬರೆದುಕೊಂಡಿದ್ದಾನೆ. ಆದರೆ ಆಟ ತನ್ನ ತರ್ಕವನ್ನು ಖಂಡಿಸಿತು ಎಂದು ಅವನೆಲ್ಲೂ ಹೇಳಿಲ್ಲ. ಗ್ರೀಕ್ ಪರಂಪರೆಯ ಪಿರ್ಹೋನಿಯನ್ ಸಂಶಯವಾದಿಗಳು ಇದಕ್ಕಿಂತ ಮುಂದೆ ಹೋಗಿದ್ದರು. ಅವರಲ್ಲೊಬ್ಬನಾದ ಸೆಕ್ಸ್‌ಟಸ್ ಎಂಪಿರಿಕಸ್ ಹೇಳುವಂತೆ, ಹಸಿವು ಬಾಯಾರಿಕೆಗಳನ್ನೂ, ನಾಡಿನ ಕಟ್ಟುಕಟ್ಟಳೆಗಳನ್ನೂ, ಕಲಿತ ಕಸುಬನ್ನೂ ಅನುಸರಿಸಿ ತೋರಿದಂತೆ ಬದುಕಬಹುದು. ತೋರಿದ್ದರ ಹಿಂದೆ ಇರುವುದು ಇಂಥದ್ದೇ ಎಂದು ಪಟ್ಟು ಹಿಡಿಯಬೇಕಾಗಿಲ್ಲ. ಆದ್ದರಿಂದ ಸಂಶಯವಾದಿಯೂ ಬೋರ್‌ವೆಲ್ ಕೊರೆಸುತ್ತಾನೆ. ಇನ್ನು ಡೆಕಾರ್ಟನ ಕನಸಿನ ವಾದವನ್ನು ಜಾಣತನವೆಂದು ತಳ್ಳಿಹಾಕುವ ಮೊದಲು, ಶಂಕರರ ಪರಮಗುರುಗಳಾದ ಗೌಡಪಾದರೇ ಮಾಂಡೂಕ್ಯ ಕಾರಿಕೆಯಲ್ಲಿ ಎಚ್ಚರದ ಜಗತ್ತನ್ನು ಕನಸಿಗೆ ಸಮನಾಗಿಸಿದ್ದಾರೆ ಎಂಬುದನ್ನು ನೆನೆಯಬೇಕು.

ಮುಳಬಾಗಿಲಿನ ಹಳೆಯ ಮೇಷ್ಟ್ರು:
ನೆನೆದೇ ಇದ್ದೇನೆ. ಅದೇ ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಹೊರಜಗತ್ತಿಲ್ಲ, ಅರಿವು ಮಾತ್ರ ಇದೆ ಎನ್ನುವ ವಿಜ್ಞಾನವಾದಿ ಬೌದ್ಧರನ್ನು ಎದುರಿಸುವಾಗ, ಕನಸಿನಲ್ಲಿ ಕಂಡದ್ದು ಎಚ್ಚರವಾದೊಡನೆ ಬಾಧಿತವಾಗುತ್ತದೆ (ಸುಳ್ಳೆಂದು ತಿಳಿಯುತ್ತದೆ), ಎಚ್ಚರದಲ್ಲಿ ಕಂಡ ಕಂಬ ಹಾಗೆ ಬಾಧಿತವಾಗುವುದಿಲ್ಲ, ಆದ್ದರಿಂದ ಎರಡೂ ಸಮವಲ್ಲ ಎಂದು ವಾದಿಸಿದ್ದನ್ನೂ ನೀವು ನೆನೆಯಬೇಕು. ಬಾಧೆ ಎಂಬುದೇ ಇಲ್ಲಿ ಒರೆಗಲ್ಲು. ಯಾವ ಮುಂದಿನ ಅನುಭವವೂ ಸುಳ್ಳಾಗಿಸದ ಅರಿವನ್ನು, ‘ಒಂದು ವೇಳೆ ಸುಳ್ಳಾಗಿದ್ದರೆ’ ಎಂಬ ಒಂದೇ ನೆವದಿಂದ ಬಿಟ್ಟುಕೊಡಲು ಮೀಮಾಂಸಕನಾದ ಕುಮಾರಿಲ ಭಟ್ಟನೂ ಒಪ್ಪುವುದಿಲ್ಲ. ಅವನ ಪ್ರಕಾರ ಅರಿವು ತಾನಾಗಿಯೇ ಪ್ರಮಾಣ, ಅಂದರೆ ನಂಬಲರ್ಹ; ದೋಷವಿದೆ ಎಂದು ತೋರಿಸಬೇಕಾದ ಹೊಣೆ ಸಂಶಯಿಸುವವನದು.

ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ:
ಹಿರಿಯರು ಕ್ಷಮಿಸಬೇಕು. ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ ಮಂಡಿಸಿದ ವಾದದ ಪ್ರಕಾರ ನಾವೆಲ್ಲರೂ ಕಂಪ್ಯೂಟರಿನೊಳಗಿನ ಅನುಕರಣೆಯಲ್ಲಿ ಬದುಕುತ್ತಿರಬಹುದು. ಅಲ್ಲಿ ಎಚ್ಚರಗೊಂಡು ಬಾಧಿಸುವವರೇ ಇರುವುದಿಲ್ಲವಲ್ಲ?

ಗೌರಿಬಿದನೂರಿನ ಸಂಶಯಿ:
ತಮ್ಮಾ, ಬಾಸ್ಟ್ರಮ್ ನೇರವಾಗಿ ಹಾಗೆ ಹೇಳಿಲ್ಲ. ನಾಗರಿಕತೆಗಳು ಅಷ್ಟು ಮುಂದುವರಿಯುವ ಮೊದಲೇ ಅಳಿಯುತ್ತವೆ, ಅಥವಾ ಮುಂದುವರಿದರೂ ಇಂಥ ಅನುಕರಣೆಗಳನ್ನು ನಡೆಸುವುದಿಲ್ಲ, ಅಥವಾ ನಾವು ಬಹುತೇಕ ಅನುಕರಣೆಯಲ್ಲಿಯೇ ಇದ್ದೇವೆ. ಈ ಮೂರರಲ್ಲಿ ಒಂದಾದರೂ ನಿಜವಾಗಿರಲೇಬೇಕು ಎಂಬುದಷ್ಟೇ ಅವರ ವಾದ. ಅದು ಕಂಪ್ಯೂಟರುಗಳ ಬಗೆಗಿನ ನಮ್ಮ ತಿಳಿವಳಿಕೆಯನ್ನು ನಂಬಿಕೊಂಡೇ ಹೊರಡುವುದರಿಂದ ನನಗೇನೂ ಹೆಚ್ಚಿನ ಉಪಯೋಗವಿಲ್ಲ.

ಚಿಂತಾಮಣಿಯ ಬೋರ್‌ವೆಲ್ ಏಜೆಂಟ್:
ನಾನು ದರ್ಶನಗಳನ್ನು ಓದಿದವನಲ್ಲ. ತೆಂಗಿನಕಾಯಿಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಮೇಲುಮಣ್ಣಿನ ಕೆಳಗೆ ಗಟ್ಟಿ ಬಂಡೆಯಿದ್ದು, ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ಸಿಗುತ್ತದೆ; ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದುಂಟು. ನೀರು ಬಿದ್ದ ಬೋರಿನ ಪಕ್ಕದಲ್ಲಿ ಜನ ಪೂಜೆ ಮಾಡಿ, ಪಾಯಿಂಟ್ ತೋರಿಸಿದವರ ಹೆಸರನ್ನು ಊರೆಲ್ಲ ಹೇಳುತ್ತಾರೆ. ಫೇಲ್ ಆದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಸುಮ್ಮನಾಗುತ್ತಾರೆ, ಅಥವಾ ರಿಗ್‌ನವರು ಪಾಯಿಂಟ್ ಬಿಟ್ಟು ಅರ್ಧ ಅಡಿ ಆಚೆ ನಿಲ್ಲಿಸಿದರು ಎಂದು ನಮ್ಮ ಮೇಲೆ ಹಾಕುತ್ತಾರೆ. ಕಾಯಿ ಹಿಡಿಯುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಹಲವರು ಮನಸಾರೆ ನಂಬಿದವರು.

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:
ಏಜೆಂಟರು ಹೇಳಿದ್ದರಲ್ಲಿ ಈ ಚರ್ಚೆಯ ತಿರುಳಿದೆ. ಕಾಯಿ ಹಿಡಿಯುವವರ ಕಣ್ಣು ಕಟ್ಟಿ ಅದೇ ಹೊಲದಲ್ಲಿ ಮತ್ತೆ ನಡೆಸಿದರೆ ಅದೇ ಜಾಗದಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂದು ನೋಡಬಹುದು. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಇಂಥದ್ದನ್ನೇ ಮಾಡಿದರು: ಕೊಟ್ಟಿಗೆಯೊಂದರ ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಜಾಗ ಬದಲಿಸುತ್ತ, ಮೇಲಿನ ಅಂತಸ್ತಿನಲ್ಲಿ ನಡೆಯುವವರು ಅದನ್ನು ಗುರುತಿಸಬೇಕೆಂದರು. ಪ್ರಯೋಗ ನಡೆಸಿದವರು ಕೆಲವರಿಗೆ ನಿಜವಾಗಿ ಆ ಶಕ್ತಿಯಿದೆ ಎಂದರು; ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ಜೀವವಿಜ್ಞಾನಿ ಜೇಮ್ಸ್ ಎನ್‌ರೈಟ್, ಇದು ಕುರುಡು ಊಹೆಗಿಂತ ಉತ್ತಮವಲ್ಲ, ಒಮ್ಮೆ ಗೆದ್ದವರು ಮರುಸುತ್ತಿನಲ್ಲಿ ಗೆಲ್ಲಲಿಲ್ಲ ಎಂದು ತೋರಿಸಿದರು. ಇದು ಎಲ್ಲಿ ಮುಗಿಯಬೇಕೆಂದು ಗೊತ್ತಿರುವ ಸಂಶಯ. ಗೌರಿಬಿದನೂರಿನವರ ತಾಲ್ಲೂಕಿನಲ್ಲಿಯೇ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿಯನ್ನು ರಚಿಸಿದಾಗ ಅವರಲ್ಲಿದ್ದದ್ದೂ ಇಂಥದ್ದೇ ಸಂಶಯ. ಕಣ್ಣನ್ನೇ ನಂಬದವನು ಪರಿಶೀಲನಾ ಸಮಿತಿ ಮಾಡಲಾರ.

ಇನ್ನು ‘ತೋರಿದಂತೆ ಬದುಕಿದರೆ ಸಾಕು’ ಎಂಬ ಮಾತು. ನಮ್ಮ ಜಿಲ್ಲೆಯಲ್ಲಿಯೇ ಅದಕ್ಕೆ ಒಗ್ಗದ ಉದಾಹರಣೆಯಿದೆ. ಯಾವ ವಸ್ತುವಿಗೂ ತೀರ ಅಪರೂಪವಾಗಿ ಮಾತ್ರ ತಾಗುವ ನ್ಯೂಟ್ರಿನೋ ಎಂಬ ಕಣ ಯಾರಿಗೂ ತೋರುವಂಥದ್ದಲ್ಲ. ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಬಿ. ವಿ. ಶ್ರೀಕಂಠನ್ ಮತ್ತು ಸಂಗಡಿಗರು ಆಳಕ್ಕೆ ಇಳಿದಂತೆ, ಆಕಾಶದಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುತ್ತ ಹೋಗಿ, ಅತ್ಯಂತ ಆಳದಲ್ಲಿ ಉಪಕರಣವು ಒಂದೇ ಒಂದು ಮ್ಯೂಯಾನನ್ನೂ ದಾಖಲಿಸದ ಹಂತಕ್ಕೆ ಬಂದರು. ಏನೂ ತೋರದ ಆ ಜಾಗವೇ ನ್ಯೂಟ್ರಿನೋ ಹುಡುಕಲು ಯೋಗ್ಯವೆಂದು ತೀರ್ಮಾನವಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ತಂಡಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿ, 1965ರಲ್ಲಿ ಅಡ್ಡಡ್ಡಲಾಗಿ ಬಂದ ಕಣದ ಜಾಡುಗಳನ್ನು ಕಂಡವು. ಆಕಾಶದಿಂದ ಬರುವ ಮ್ಯೂಯಾನು ಆ ಆಳಕ್ಕೆ ಹೆಚ್ಚುಕಡಿಮೆ ನೇರವಾಗಿ ಮೇಲಿನಿಂದಲೇ ಬರಬೇಕು. ಓರೆಯಾಗಿ ಬರಲು ದಾಟಬೇಕಾದ ಬಂಡೆ ಅದರ ಶಕ್ತಿಗೆ ಮೀರಿದ್ದು. ಆದ್ದರಿಂದ ಅಡ್ಡಲಾಗಿ ಬಂದದ್ದು ಅಲ್ಲೇ ಬಂಡೆಯೊಳಗೆ ನ್ಯೂಟ್ರಿನೋ ಹುಟ್ಟಿಸಿದ ಕಣವಾಗಿರಬೇಕು. ಮೇಷ್ಟ್ರ ಹೊಗೆ–ಬೆಂಕಿಯ ಅನುಮಾನಪ್ರಮಾಣವೇ (ಕಂಡ ಗುರುತಿನಿಂದ ಕಾಣದ್ದನ್ನು ಊಹಿಸಿ ತಿಳಿಯುವುದು) ಇದು. ಒಂದು ವ್ಯತ್ಯಾಸವೆಂದರೆ ಇಲ್ಲಿ ಬೆಂಕಿಯನ್ನು ಯಾವ ಅಡುಗೆಮನೆಯಲ್ಲಿಯೂ ಕಣ್ಣಾರೆ ಕಂಡವರಿಲ್ಲ.

ಗೌರಿಬಿದನೂರಿನ ಸಂಶಯಿ:
ಮೇಡಂ, ಆ ವ್ಯತ್ಯಾಸ ಸಣ್ಣದಲ್ಲ. ಅದೇ ಗಣಿಯಲ್ಲಿ 1980ರ ದಶಕದ ಆರಂಭದಲ್ಲಿ ಪರಮಾಣುವಿನ ತಿರುಳಿನಲ್ಲಿರುವ ಪ್ರೋಟಾನ್ ಎಂಬ ಕಣ ತಾನಾಗಿಯೇ ಕ್ಷಯಿಸಿದ (ಒಡೆದುಹೋದ) ಲಕ್ಷಣಗಳುಳ್ಳ ಕೆಲವು ಘಟನೆಗಳನ್ನು ಕಂಡೆವೆಂದು ವರದಿಯಾಗಿತ್ತು. ಅದೇ ಊರು, ಅಷ್ಟೇ ನುರಿತ ಜನ, ಅದೇ ಬಗೆಯ ಅನುಮಾನ. ಇಂದು ಅದನ್ನು ಪ್ರೋಟಾನ್ ಕ್ಷಯವೆಂದು ಒಪ್ಪುವವರಿಲ್ಲ. ಒಂದನ್ನು ಅರಿವು, ಇನ್ನೊಂದನ್ನು ಭ್ರಮೆ ಎಂದು ವಿಂಗಡಿಸಿದ್ದು ಜಾಡುಗಳಲ್ಲಿದ್ದ ಯಾವ ಗುರುತು?

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:
ಜಾಡಿನಲ್ಲಿ ಅಂಥ ಗುರುತೇನೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಡೆಕಾರ್ಟ್ ಮಾಡಿದ ಎಡವಟ್ಟು ಇಲ್ಲಿಯೇ ಎಂದು ನನ್ನ ಅಭಿಪ್ರಾಯ: ಒಂದೇ ಅನುಭವವನ್ನು ಒಂಟಿಯಾಗಿ ಹಿಡಿದು ಅದರ ಮೈಮೇಲೆ ಸತ್ಯದ ಮುದ್ರೆಯನ್ನು ಹುಡುಕಿದ. 1965ರ ಫಲಿತಾಂಶ ನಿಂತದ್ದು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡ ಬೇರೆ ಉಪಕರಣದಿಂದ ಅದೇ ವರ್ಷ ಅದನ್ನೇ ಕಂಡದ್ದರಿಂದ. ಪ್ರೋಟಾನ್ ಕ್ಷಯದ ಮಾತು ಬಿದ್ದದ್ದು, ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳು ಕಾಣಬೇಕಾಗಿದ್ದ ಪ್ರಮಾಣದಲ್ಲಿ ಏನನ್ನೂ ಕಾಣದೆ ಹೋದದ್ದರಿಂದ. ಅಂದ ಹಾಗೆ ಇಂಥ ಹುಡುಕಾಟದಲ್ಲಿ ಪ್ರೋಟಾನ್ ಕ್ಷಯವೆಂದು ಎಲ್ಲರನ್ನೂ ದಾರಿ ತಪ್ಪಿಸಬಲ್ಲ ಮುಖ್ಯ ಗದ್ದಲ, ಅಂದರೆ ಅದರಂತೆಯೇ ಕಾಣುವ ಬೇರೆ ಜಾಡು, ನ್ಯೂಟ್ರಿನೋದ್ದೇ. ಒಂದು ಕಾಲದ ಆವಿಷ್ಕಾರ ಮುಂದಿನ ಕಾಲಕ್ಕೆ ಕಾಟವಾಯಿತು. ಸಂಶಯವನ್ನು ನಾನು ತಳ್ಳಿಹಾಕುತ್ತಿಲ್ಲ. ಅದನ್ನು ಎಲ್ಲಕ್ಕೂ ಒಮ್ಮೆಗೇ ಹಚ್ಚಿದರೆ ಯಾವುದನ್ನೂ ಯಾವುದರಿಂದಲೂ ಪರೀಕ್ಷಿಸಲಾಗುವುದಿಲ್ಲ ಎನ್ನುತ್ತಿದ್ದೇನೆ.

ಶ್ರೀನಿವಾಸಪುರದ ತೋಟಗಾರ:
ಆದರೆ ಮೇಡಂ, ನಾವು ಯಾರೂ ಗಣಿಗೆ ಇಳಿದವರಲ್ಲ, 2001ರಲ್ಲಿ ಅದು ಮುಚ್ಚಿಯೂ ಹೋಯಿತು. ನಮಗೆ ನ್ಯೂಟ್ರಿನೋ ಗೊತ್ತಿರುವುದು ನಿಮ್ಮಂಥವರು ಹೇಳಿದ್ದರಿಂದ. ಪಾಯಿಂಟ್ ಗೊತ್ತಾಗುವುದು ಕಾಯಿ ಹಿಡಿದವರು ಹೇಳಿದ್ದರಿಂದ. ಕೇಳುವವನ ಕಿವಿಗೆ ಎರಡೂ ಬರೀ ಮಾತು.

ಮುಳಬಾಗಿಲಿನ ಹಳೆಯ ಮೇಷ್ಟ್ರು:
ಮಾತೂ ಪ್ರಮಾಣವೇ. ವಿಷಯವನ್ನು ನೇರವಾಗಿ ಬಲ್ಲವನೂ, ಬಲ್ಲದ್ದನ್ನು ಹಾಗೆಯೇ ತಿಳಿಸಬಯಸುವವನೂ ಆಪ್ತ (ಮಾತನ್ನು ನೆಚ್ಚಬಹುದಾದವನು) ಎಂದು ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನ ಲಕ್ಷಣ ಹೇಳುತ್ತಾನೆ; ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಅದು ಸಮಾನವೆಂದೂ ಸೇರಿಸುತ್ತಾನೆ. ಕಾಯಿ ಹಿಡಿಯುವವರಲ್ಲಿ ಎರಡನೆಯ ಗುಣವಿದೆ ಎಂದು ಏಜೆಂಟರೇ ಹೇಳಿದರು. ಮೊದಲನೆಯದನ್ನು ಕಣ್ಣು ಕಟ್ಟಿ ನೋಡಬೇಕು.

ಗೌರಿಬಿದನೂರಿನ ಸಂಶಯಿ:
ನೋಡೋಣ, ನಾನೂ ಬರುತ್ತೇನೆ. ಆದರೆ ಕಟ್ಟಿದ ಕಣ್ಣಿನ ಪರೀಕ್ಷೆಯನ್ನು ತೆರೆದ ಕಣ್ಣಿನಿಂದ ನೋಡುವವರು ನಾವೇ ಆದ್ದರಿಂದ, ನಮ್ಮ ಕಣ್ಣಿನ ಮೇಲಿನ ನನ್ನ ಪ್ರಶ್ನೆ ಇನ್ನೂ ಉಳಿದಿದೆ ಎಂದು ದಾಖಲಿಸುತ್ತೇನೆ.

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:
ದಾಖಲಾಗಿರಲಿ. ಯಾವ ಫಲಿತಾಂಶ ಬಂದರೆ ಆ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತೀರಿ ಎಂಬುದನ್ನೂ ಅದರ ಕೆಳಗೆ ಬರೆಯಿರಿ.