ಪಾರಿವಾಳದ ಮರಿ ಬಾಯೇ ತೆಗೀತಿಲ್ಲ, ಹೇಗೆ ತಿನ್ಸೋದು? (ಅರ್ಜೆಂಟ್)

ಡಿಕಾಕ್ಷನ್_ಗಟ್ಟಿ:
ಎಲ್ರಿಗೂ ನಮಸ್ಕಾರ. ಬೆಂಗಳೂರು, ನಾಲ್ಕನೇ ಫ್ಲೋರ್. ಯುಟಿಲಿಟಿಲಿ ವಾಷಿಂಗ್ ಮೆಷಿನ್ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು (ಗೂಡೇನ್ ಬಂತು, ನಾಲ್ಕು ಕಡ್ಡಿ, ಒಂದು ತುಂಡು ವೈರ್), ಎರಡು ಮೊಟ್ಟೆಲಿ ಒಂದೇ ಮರಿ ಆಯ್ತು. ಮೊನ್ನೆ ಪಕ್ಕದ್ ಮನೆಯೋರು ಬಾಲ್ಕನಿಗೆ ನೆಟ್ ಹಾಕ್ಸಿದ್ರು, ಅದಕ್ಕೆ ಸಿಕ್ಕಾಕ್ಕೊಂಡು ದೊಡ್ಡದು ಸತ್ತೋಯ್ತು. ನಿನ್ನೆ ಬೆಳಗ್ಗೆಯಿಂದ ಗೂಡಿಗೆ ಯಾರೂ ಬಂದಿಲ್ಲ. ಮರಿ ಕಣ್ಣು ಬಿಟ್ಟಿದೆ, ಮೈತುಂಬ ಹಳದಿ ಕೂದ್ಲು, ರೆಕ್ಕೆ ಮೇಲೆ ಪೆನ್ ರೀಫಿಲ್ ಥರ ನೀಲಿ ಕಡ್ಡಿಗಳು. ಅಮ್ಮ ಇಂಕ್ ಫಿಲ್ಲರ್‌ನಲ್ಲಿ ಹಾಲು ಬಿಡೋಕ್ ಹೋದ್ರು, ಮೂಗಿಂದ ಗುಳ್ಳೆ ಬಂತು, ಹೆದ್ರಿಕೊಂಡು ನಿಲ್ಲಿಸಿದ್ವಿ. ಗುಬ್ಬಿ ಮರಿ ಆದ್ರೆ ಆ ಅಂತ ಬಾಯಿ ಬಿಡುತ್ತೆ, ಇದು ಬಿಡೋದೇ ಇಲ್ಲ, ನನ್ನ ಬೆರಳ ಸಂದಿಗೆ ಕೊಕ್ಕು ತೂರ್ಸಿ ತೂರ್ಸಿ ಕೀಂ ಅಂತಿದೆ. ಏನ್ ಮಾಡ್ಲಿ?

ಗರಿ_ಗೊಂಚಲು:
ಮೊದಲು ಹಾಲು ನಿಲ್ಸಿ, ಹಕ್ಕಿಗೆ ದನದ ಹಾಲು ಜೀರ್ಣ ಆಗಲ್ಲ, ಸೆರೆಲ್ಯಾಕ್ ಕೂಡ ಬೇಡ, ಅದ್ರಲ್ಲೂ ಹಾಲಿನ ಪುಡಿ ಇರುತ್ತೆ. ಮತ್ತೆ ಫಿಲ್ಲರ್‌ನಲ್ಲಿ ಏನನ್ನೂ ಬಾಯೊಳಗೆ ಬಿಡ್ಬೇಡಿ, ನಾಲಿಗೆ ಬುಡದಲ್ಲೇ ಶ್ವಾಸನಾಳದ ತೂತು ಇರೋದು, ಆ ಗುಳ್ಳೆ ಬಂದಿದ್ದು ಅದಕ್ಕೇ.

ನೀವ್ ಹೇಳಿದ್ ನೋಡಿದ್ರೆ 8-10 ದಿನದ ಮರಿ. ಬೆರಳ ಸಂದಿಗೆ ಕೊಕ್ಕು ತೂರ್ಸೋದೇ ಅದು ಊಟ ಕೇಳೋ ರೀತಿ. ಪಾರಿವಾಳದಲ್ಲಿ ಅಪ್ಪ ಅಮ್ಮ ಇಬ್ರಿಗೂ ಗಂಟಲ ಕೆಳಗಿನ ಚೀಲದಲ್ಲಿ (ಕ್ರಾಪ್ ಅಂತಾರೆ) ಮೊಸರಿನ ಗಡ್ಡೆ ಥರ ಹಾಲು ಆಗುತ್ತೆ, ಮರಿ ಅವ್ರ ಬಾಯೊಳಗೆ ಕೊಕ್ಕು ಇಟ್ಟು ಅದನ್ನ ತಿನ್ನುತ್ತೆ. ಅದಕ್ಕೆ ನೀವೂ ಹಂಗೇ ಕೊಡ್ಬೇಕು. 10 ಎಂಎಲ್ ಸಿರಿಂಜ್ ತಗೊಂಡು ಸೂಜಿ ಹಾಕೋ ತುದಿ ಪೂರ್ತಿ ಕತ್ತರಿಸಿ, ಅಂಚು ಮೊನಚಿಲ್ದಂಗೆ ಉಜ್ಜಿ, ಬಾಯಿಗೆ ರಬ್ಬರ್ ಗ್ಲೌಸ್ ತುಂಡು ಬಿಗಿಯಾಗಿ ಕಟ್ಟಿ ನಡುವೆ ಕೊಕ್ಕು ಹೋಗೋಷ್ಟು ಸೀಳಿ. ಪೆಟ್ ಶಾಪಲ್ಲಿ ಮರಿಗಳ ಹ್ಯಾಂಡ್ ಫೀಡಿಂಗ್ ಫಾರ್ಮುಲಾ ಸಿಗುತ್ತೆ, ಬಿಸಿ ನೀರಲ್ಲಿ ಕಲಸಿ 38-40 ಡಿಗ್ರಿ ಇರ್ಬೇಕು, ಮೈಕ್ರೋವೇವ್ ಮಾತ್ರ ಬೇಡ, ಅಲ್ಲಲ್ಲಿ ಕುದ್ದು ಚೀಲ ಸುಟ್ಟುಹೋಗುತ್ತೆ. ಕೊಕ್ಕು ಒಳಗೆ ಹೋದ್ರೆ ತಾನೇ ಗಬಗಬ ಅಂತ ತಿನ್ನುತ್ತೆ. ಅಡುಗೆಮನೆ ಸ್ಕೇಲ್ ಇದ್ರೆ ತೂಗಿ, ಒಂದು ಸಲಕ್ಕೆ ತೂಕದ ಹತ್ತನೇ ಒಂದು ಭಾಗ ಸಾಕು, 150 ಗ್ರಾಂ ಇದ್ರೆ 15 ಎಂಎಲ್.

ಚೀಲ ಮುಟ್ಟಿದ್ರೆ ಅರ್ಧ ಗಾಳಿ ಬಿಟ್ಟ ಬಲೂನ್ ಥರ ಇರ್ಬೇಕು, ಬಿಗಿ ಆಗ್ಬಾರ್ದು. ಅದು ಖಾಲಿ ಆಗೋವರ್ಗೂ ಮುಂದಿನ ಊಟ ಇಲ್ಲ. ಇದೊಂದನ್ನ ಮರೀಬೇಡಿ, ನನ್ನ ಮೊದಲನೇ ಮರಿ ಹೋಗಿದ್ದೇ ಹಿಂಗೆ, ಗಂಟೆ ನೋಡ್ಕೊಂಡು ತುರುಕ್ತಾ ಇದ್ದೆ, ಒಳಗೆ ಹುಳಿ ಬಂದಿತ್ತು.

ಮಾವಿನಕಾಯಿ_ಚಿತ್ರಾನ್ನ:
ನೆಟ್‌ಗೆ ಸಿಕ್ಕಿದ್ದು ಒಂದು ತಾನೆ, ಇನ್ನೊಂದು ಎಲ್ಲಿ? ಎಸಿ ಔಟ್‌ಡೋರ್ ಮೇಲೆ ಕೂತಿದ್ಯಾ ನೋಡಿ. ಗಂಡು ಕೂಡ ಸಾಕುತ್ತೆ. ನಾವು ಮುಟ್ಟಿದ್ರೆ ಬಿಟ್ಟುಹೋಗುತ್ತೆ ಅನ್ನೋದೆಲ್ಲ ಸುಳ್ಳು.

ಸೈಲೆಂಟ್_ರೀಡರ್:
ಬೇಜಾರ್ ಮಾಡ್ಕೋಬೇಡಿ, ಪಾರಿವಾಳ ಸಾಕೋದು ಬೇಕಾ? ಹಿಕ್ಕೆ ಧೂಳಿಂದ ಶ್ವಾಸಕೋಶಕ್ಕೆ ತೊಂದ್ರೆ ಅಂತಾರೆ.

ಗರಿ_ಗೊಂಚಲು:
ಹೌದು ಅದು ನಿಜ, ಒಣ ಹಿಕ್ಕೆ ಗುಡಿಸ್ಬೇಡಿ, ನೀರು ಚಿಮುಕಿಸಿ ಮಾಸ್ಕ್ ಹಾಕ್ಕೊಂಡು ತೆಗೀರಿ. ಮನೇಲಿ ಅಸ್ತಮಾ ಇರೋರಿದ್ರೆ ಸೀದಾ ಕೆಂಗೇರಿ ಹತ್ರ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಫೋನ್ ಮಾಡಿ ಕೇಳಿ. ಬಾಯಲ್ಲಿ ಹಳದಿ ಗಿಣ್ಣಿನಂಥದ್ದು ಕಂಡ್ರೂ ಡಾಕ್ಟರ್ ಹತ್ರಾನೇ, ಮನೆಮದ್ದು ಬೇಡ.

ಹುಬ್ಬಳ್ಳಿ_ಮಾಳಿಗಿ:
ನಾವು ಅಪ್ಪಾರ ಕಾಲದಿಂದ ಮಾಳಿಗಿ ಮ್ಯಾಲೆ ಪಾರಿವಾಳ ಸಾಕೀವ್ರಿ. ನಿಮ್ಮ ಕಡೆ ಸಾಕವ್ರು ಯಾರರ ಅದಾರೇನು ಕೇಳ್ರಿ, ಇಷ್ಟ ದಿನದ ಮರಿ ಇರೋ ಜೋಡಿ ಕೆಳಗ ಇಟ್ರ ತಮ್ಮ ಮರೀನ ಅಂತ ತಿಳದು ಗುಟುಕು ಕೊಡ್ತಾವು, ಇದರಷ್ಟ ಚಲೋ ಉಪಾಯ ಇಲ್ಲ. ಸಿಗಲಿಲ್ಲಂದ್ರ ಸಿರಿಂಜ್. ಮತ್ತ ಪೇಪರ್ ಮ್ಯಾಲೆ ಇಡಬ್ಯಾಡ್ರಿ, ಕಾಲು ಜಾರಿ ಅಗಲಾಗಿ ಸೊಟ್ಟ ಆಗ್ತಾವು, ಹಳೇ ಟವಲ್ ಹಾಸ್ರಿ. ಮೂರ್ ವಾರ ದಾಟಿದ ಮ್ಯಾಲೆ ಸಜ್ಜಿ, ಜ್ವಾಳ ಚೆಲ್ಲಿ ಬೆರಳಿಂದ ಕುಟಕಿ ತೋರಸ್ರಿ, ತಾನ ಕಲೀತದ. ನೀರಿಗೆ ಸ್ವಲ್ಪ ಆಳ ಇರೋ ಬಟ್ಟಲ ಇಡ್ರಿ, ಪಾರಿವಾಳ ಕೋಳಿ ಹಂಗ ತಲಿ ಎತ್ತಿ ಕುಡಿಯೂದಿಲ್ಲ, ಕೊಕ್ಕು ಅದ್ದಿ ದನ ಕುಡದಂಗ ಹೀರತದ.

ಡಿಕಾಕ್ಷನ್_ಗಟ್ಟಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಸಂಜೆವರ್ಗೂ ಬಾಗ್ಲು ಹಾಕ್ಕೊಂಡು ಕಾದ್ವಿ, ಇನ್ನೊಂದು ಬರ್ಲೇ ಇಲ್ಲ. ತೂಕ 140 ಗ್ರಾಂ. ಸಿರಿಂಜ್ ಮೊದಲನೇ ಸಲ ಗ್ಲೌಸ್ ಕಿತ್ತು ಫಾರ್ಮುಲಾ ಎಲ್ಲ ನನ್ ಪ್ಯಾಂಟ್ ಮೇಲೆ. ಎರಡನೇ ಸಲ ಕೊಕ್ಕು ಸೀಳಿಗೆ ತೋರ್ಸಿದ್ದಷ್ಟೇ, ಕಣ್ಣವರ್ಗೂ ಮುಖ ತೂರ್ಸಿ, ರೆಕ್ಕೆ ಪಟಪಟ ಬಡಿದು, ಮೈಯೆಲ್ಲ ನಡುಗಿಸ್ಕೊಂಡು 12 ಎಂಎಲ್ ಮುಗಿಸ್ತು! ಕೆಂಗೇರಿಗೆ ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ. ಒಂದೇ ಡೌಟು, ಆರು ಗಂಟೆಗೆ ತಿಂದಿದ್ದು, ಈಗ ಹತ್ತೂವರೆ, ಚೀಲ ಇನ್ನೂ ಅರ್ಧ ಹಂಗೇ ಇದೆ. ಕೊಡದೆ ಕಾಯ್ತಾ ಇದೀನಿ.

ಗರಿ_ಗೊಂಚಲು:
ಕೊಡದೆ ಇದ್ದಿದ್ದು ಒಳ್ಳೇದಾಯ್ತು. ಮೈ ಮುಟ್ಟಿ ನೋಡಿ, ತಣ್ಣಗಿದ್ಯಾ? ತಣ್ಣಗಾದ್ರೆ ತಿಂದಿದ್ದು ಕೆಳಗೆ ಇಳಿಯಲ್ಲ. ಕಾವಿಗೆ ಏನ್ ಇಟ್ಟಿದೀರಾ?

ಡಿಕಾಕ್ಷನ್_ಗಟ್ಟಿ:
ಅಯ್ಯೋ ಏನೂ ಇಟ್ಟಿಲ್ಲ, ಬರೀ ಟವಲ್. ಕಾಲು ತಣ್ಣಗೇ ಇದೆ.

ಗರಿ_ಗೊಂಚಲು:
ನೀರಿನ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗೆ ಹಾಕಿ ಮರಿ ಪಕ್ಕ ಇಡಿ, ಒಂದೇ ಕಡೆ, ಸೆಖೆ ಆದ್ರೆ ಅದು ಆ ಕಡೆ ಸರಿಯೋಕೆ ಜಾಗ ಇರ್ಲಿ. ಎರಡು ಗಂಟೆ ಬಿಟ್ಟು ಚೀಲ ಮುಟ್ಟಿ ಇಲ್ಲೇ ಹೇಳಿ, ಎದ್ದಿರ್ತೀನಿ.

ಡಿಕಾಕ್ಷನ್_ಗಟ್ಟಿ:
12:50. ಇಳಿದಿದೆ. ಟವಲ್ ಮೇಲೆ ಹಿಕ್ಕೆನೂ ಹಾಕಿದೆ, ಬಾಟಲಿಗೆ ಒರಗಿ ಮಲಗಿದೆ. ನೀವೂ ಮಲ್ಕೊಳ್ಳಿ.